ಬೇಥಾನ್ಯದ ಅರ್ಥ ಹೇಳಿದವರು

ಯಾವುದಾದರೂ ಊರಿನ ಹೆಸರಿಗೆ ಅರ್ಥವೇನು ಎಂದು ಕೇಳಿದರೆ ಸರ್ ಮೊದಲು ಕನ್ನಡಕ ತೆಗೆದು ಮೇಜಿನ ಮೇಲಿಡುತ್ತಿದ್ದರು. ಆಮೇಲೆ, "ಅದು ಅಷ್ಟು ಸುಲಭ ಇಲ್ಲ ಮಾರಾಯ್ತಿ" ಎನ್ನುತ್ತಿದ್ದರು. ಕೇಳಿದವರಿಗೆ ಅವಸರವಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಇಲ್ಲವಾದರೆ ಎದುರಿಗಿದ್ದ ಚಹಾ ಪೂರ್ತಿ ಆರುವವರೆಗೆ ಕೂರಬೇಕಾಗುತ್ತಿತ್ತು.

ಕಳೆದ ತಿಂಗಳು ಅವರು ತೀರಿಕೊಂಡರು. ಮಂಗಳೂರಿನಲ್ಲಿ, ತಂಗಿಯ ಮನೆಯಲ್ಲಿ, ಮಧ್ಯಾಹ್ನ ಉಂಡು ಮಲಗಿದವರು ಏಳಲಿಲ್ಲವಂತೆ. ಎಂಬತ್ತು ದಾಟಿತ್ತು. ಐರ್ಲೆಂಡಿನ ಕನ್ನಡಿಗರ ವಾಟ್ಸ್ಆ್ಯಪ್ ಗುಂಪಿನಲ್ಲಿ ಯಾರೋ "ಹೀಬ್ರೂ ಭಾಷೆಯ ದೊಡ್ಡ ವಿದ್ವಾಂಸರು" ಎಂದು ಬರೆದರು. ಕೆಳಗೆ ಕೈಮುಗಿದ ಚಿತ್ರಗಳು ಸಾಲುಗಟ್ಟಿದವು. ನಾನೂ ಒಂದು ಹಾಕಿದೆ. ಅವರ ವಿದ್ವತ್ತನ್ನು ಅಳೆಯುವ ಯೋಗ್ಯತೆ ನನಗಿಲ್ಲ. ಹೀಬ್ರೂವಿನಲ್ಲಿ ನನಗೆ ಗೊತ್ತಿರುವುದು ಮನೆ ಎಂಬ ಅರ್ಥದ 'ಬೇತ್' ಒಂದೇ. ಅದನ್ನು ಕಲಿತದ್ದು ಅವರ ಮನೆಯಲ್ಲಿ ಬಾಡಿಗೆಗೆ ಇದ್ದಾಗ, ಕೊರೋನಾದ ಕಾಲದಲ್ಲಿ.

ಡಬ್ಲಿನ್ ಹತ್ತಿರದ ಮೇನೂತ್‌ನಲ್ಲಿ ಎಂ.ಎಸ್‌ಸಿ. ಮುಗಿಸಿ ನನಗೆ ಸ್ಯಾಂಡಿಫರ್ಡ್‌ನ ಒಂದು ಕಂಪನಿಯಲ್ಲಿ ಕೆಲಸ ಸಿಕ್ಕಿತ್ತು. ಆದರೆ ಆಫೀಸನ್ನು ನಾನು ನೋಡಿಯೇ ಇರಲಿಲ್ಲ. ಲ್ಯಾಪ್‌ಟಾಪ್ ಕೊರಿಯರಿನಲ್ಲಿ ಬಂತು. ಅದೇ ಊರಿನಲ್ಲಿದ್ದ ಸರ್ ಮನೆಯ ಮಾಳಿಗೆಯ ಕೋಣೆಯೇ ಆಫೀಸಾಯಿತು. ಸರ್ ಮಂಗಳೂರಿನ ಪ್ರಾಟೆಸ್ಟಂಟ್ ಮನೆತನದವರು. ಡಬ್ಲಿನ್ನಿನ ಧರ್ಮಶಾಸ್ತ್ರದ ಕಾಲೇಜೊಂದರಲ್ಲಿ ಬಹಳ ವರ್ಷ ಹೀಬ್ರೂ ಕಲಿಸಿ ನಿವೃತ್ತರಾಗಿದ್ದರು. ಹೆಂಡತಿ ತೀರಿಕೊಂಡ ಮೇಲೆ ಮೇಲಿನ ಕೋಣೆಯನ್ನು ಕರ್ನಾಟಕದಿಂದ ಓದಲು ಬರುವ ಹುಡುಗಿಯರಿಗೆ ಬಾಡಿಗೆಗೆ ಕೊಡುತ್ತಿದ್ದರು. ನಾನು ಮೈಸೂರಿನವಳು ಎಂದಾಗ, "ಮಹಿಷನ ಊರು ಅಂತ ಎಲ್ಲರೂ ಹೇಳ್ತಾರೆ. ಅದಕ್ಕೂ ಮೊದಲು ಎಂತ ಹೆಸರಿತ್ತು ಅಂತ ವಿಚಾರಿಸಿದ್ದೀಯಾ?" ಎಂದು ಕೇಳಿದ್ದರು. ನಾನು ವಿಚಾರಿಸಿರಲಿಲ್ಲ. "ವಿಚಾರಿಸು" ಎಂದು ಕೋಣೆಯ ಕೀಲಿ ಕೊಟ್ಟರು.

ಅವರ ಜೊತೆ ಬದುಕುವುದು ಸುಲಭವಾಗಿತ್ತು. ನಾನು ಹೆಚ್ಚು ಮಾತಾಡುವವಳಲ್ಲ. ಅದನ್ನು ಅವರು ಕೊರತೆಯೆಂದು ತಿಳಿಯಲಿಲ್ಲ. ಬೆಳಿಗ್ಗೆ ಇಬ್ಬರೂ ಅಡುಗೆಮನೆಯಲ್ಲಿ ಅವರವರ ಬ್ರೆಡ್ ಸುಟ್ಟುಕೊಳ್ಳುತ್ತಿದ್ದೆವು. ಭಾನುವಾರ ಅವರು ನೀರುದೋಸೆ ಮಾಡುತ್ತಿದ್ದರು. ಹಿಟ್ಟು ಕಾವಲಿಗೆ ಅಂಟಿಕೊಂಡರೆ ಕಾವಲಿಯನ್ನು ತುಳುವಿನಲ್ಲಿ ಬೈಯುತ್ತಿದ್ದರು. ಬೈಗುಳದ ಅರ್ಥ ಕೇಳಿದರೆ ಮಾತ್ರ, "ಇದು ಬಹಳ ಸುಲಭ, ಆದ್ರೆ ಹೇಳುದಿಲ್ಲ" ಎನ್ನುತ್ತಿದ್ದರು.

ಊರಿನ ಹೆಸರುಗಳು ಅವರ ಗೀಳಾಗಿದ್ದವು. ಸಂಜೆ ಕಾಲುವೆಯ ದಂಡೆಯಲ್ಲಿ ನಡೆಯುವಾಗ ಮೇನೂತ್ ಎಂದರೇನು ಎಂದು ಒಮ್ಮೆ ಕೇಳಿದೆ. "ನುವಾದು ಅನ್ನುವವನ ಬಯಲು ಅಂತಾರೆ. ಅವನು ದೇವರಾ, ರಾಜನಾ ಅಂತ ಕೇಳ್ಬೇಡ. ಬಯಲು ಅನ್ನುದು ಖಂಡಿತ, ಕಾಣ್ತಾ ಉಂಟಲ್ಲ" ಎಂದರು. ಖಂಡಿತವಾದದ್ದು ಎಷ್ಟು, ಎಲ್ಲಿಂದ ಮುಂದೆ ಊಹೆ ಎಂಬ ಗೆರೆಯನ್ನು ಅವರು ಯಾವಾಗಲೂ ಎಳೆಯುತ್ತಿದ್ದರು. ಆ ಗೆರೆಯನ್ನು ದಾಟುವಂತೆ ಅವರನ್ನು ಯಾರಿಂದಲೂ ಒಪ್ಪಿಸಲು ಆಗುತ್ತಿರಲಿಲ್ಲ. ಕಾಲೇಜಿನಲ್ಲಿ ಅವರಿಗೆ ಅದರಿಂದ ಗೌರವ ಸಿಕ್ಕಿರಬಹುದು. ಮನೆಒಕ್ಕಲಿನ ದಿನ ಸಿಗಲಿಲ್ಲ.

ಅದು ಶಾಲಿನಿ ಅಕ್ಕನ ಮನೆಯ ಒಕ್ಕಲು. ಶಾಲಿನಿ ಅಕ್ಕ ಉಡುಪಿಯವರು, ಡಬ್ಲಿನ್ನಿನ ಆಸ್ಪತ್ರೆಯೊಂದರಲ್ಲಿ ನರ್ಸ್. ಗಂಡ ಸಂಜೀವಣ್ಣನಿಗೆ ಒಂದು ಗೋದಾಮಿನಲ್ಲಿ ಮೇಲ್ವಿಚಾರಕನ ಕೆಲಸ. ಇಬ್ಬರೂ ಸರ್ ಅವರ ಚರ್ಚಿನ ಸಭೆಯವರೇ, ಊರ ಕಡೆಯ ಪರಿಚಯದವರು. ಕಾಲುವೆಯ ಆಚೆ ಹೊಸ ಬಡಾವಣೆಯಲ್ಲಿ ಮನೆ ಕೊಂಡಿದ್ದರು. ಅವರ ಕಡೆ ಮನೆಗೆ ಬೈಬಲ್ಲಿನ ಊರಿನ ಹೆಸರಿಡುವುದು ರೂಢಿ. ಉಡುಪಿಯಲ್ಲಿ ಅವರ ಬೀದಿಯಲ್ಲೇ ಒಂದು ಬೇತೇಲ್, ಒಂದು ಹೆಬ್ರೋನ್ ಇವೆಯಂತೆ. ಶಾಲಿನಿ ಅಕ್ಕ ಬೇಥಾನ್ಯ ಎಂದು ಆರಿಸಿದ್ದರು. ಯೇಸು ದಣಿದಾಗ ಹೋಗಿ ಉಳಿಯುತ್ತಿದ್ದ ಊರು, ಡ್ಯೂಟಿ ಮುಗಿಸಿ ಬರುವವಳಿಗೆ ಸರಿಯಾದ ಹೆಸರು ಎಂಬುದು ಅವರ ಲೆಕ್ಕ. ಕಪ್ಪು ಸ್ಲೇಟು ಕಲ್ಲಿನ ಮೇಲೆ ಇಂಗ್ಲಿಷಿನಲ್ಲಿ ಕೆತ್ತಿಸಿ ಬಾಗಿಲ ಪಕ್ಕ ಹಾಕಿಸಿದರು.

ನವೆಂಬರಿನಲ್ಲಿ ಯಾರೂ ಯಾರ ಮನೆಗೂ ಹೋಗುವಂತಿರಲಿಲ್ಲ. ಪ್ರಾರ್ಥನೆ ಜೂಮ್‌ನಲ್ಲಿ ನಡೆಯಿತು. ಉಡುಪಿಯಿಂದ ಪಾಸ್ಟರ್, ಶಾಲಿನಿ ಅಕ್ಕನ ಅತ್ತೆ ಅಂದರೆ ಸಂಜೀವಣ್ಣನ ತಾಯಿ, ಚಿಕ್ಕಪ್ಪ ಚಿಕ್ಕಮ್ಮಂದಿರು; ಒಬ್ಬರ ಚೌಕದಲ್ಲಿ ಫ್ಯಾನು ಮಾತ್ರ ಕಾಣುತ್ತಿತ್ತು, ಇನ್ನೊಬ್ಬರ ಮನೆಯಲ್ಲಿ ಮಿಕ್ಸಿ ತಿರುಗುತ್ತಿತ್ತು. ಕೀರ್ತನೆ, ಪ್ರಾರ್ಥನೆ ಆದ ಮೇಲೆ ಮನೆಯ ಹೆಸರಿನ ಅರ್ಥ ಹೇಳಬೇಕೆಂದು ಸರ್ ಅವರನ್ನು ಕೇಳಿಕೊಂಡರು. ನಮ್ಮ ಅಡುಗೆಮನೆಯ ಮೇಜಿನ ಮುಂದೆ ಕೋಟು ಹಾಕಿಕೊಂಡು ಕುಳಿತಿದ್ದ ಸರ್ ಕನ್ನಡಕ ತೆಗೆದಿಟ್ಟರು. ನನಗೆ ಆಗಲೇ ಸ್ವಲ್ಪ ಅಳುಕಾಯಿತು.

"ಬೇತ್ ಅಂದ್ರೆ ಮನೆ. ಅದ್ರಲ್ಲಿ ಸಂಶಯ ಇಲ್ಲ. ಯಾರ ಮನೆ, ಎಂಥ ಮನೆ ಅನ್ನುದ್ರಲ್ಲೇ ಜಗಳ ಇರುದು. ಒಂದು, ಅನನೀಯ ಅನ್ನುವವನ ಮನೆ ಆಗಿರ್ಬಹುದು. ಆ ಹೆಸರಿನ ಊರು ಹಳೆ ಒಡಂಬಡಿಕೆಯಲ್ಲಿ ಉಂಟು. ಎರಡು, ಅಂಜೂರದ ಮನೆ. ಇನ್ನೂ ಹಣ್ಣಾಗದ ಅಂಜೂರ. ಮೂರು..."

"ಸಾಕು ಸರ್, ಅಂಜೂರ ಚೆಂದ ಉಂಟು" ಎಂದು ಶಾಲಿನಿ ಅಕ್ಕ ನಕ್ಕರು.

"ಮೂರನೆಯದು ಹೇಳದಿದ್ರೆ ತಪ್ಪಾಗ್ತದೆ. ಸಂಕಟದ ಮನೆ. ಬಡವರು, ನರಳುವವರು ಇರುವ ಮನೆ. ಮೂರರಲ್ಲಿ ಯಾವುದು ಅಂತ ಖಂಡಿತ ಹೇಳ್ಲಿಕ್ಕೆ ಆಗುದಿಲ್ಲ."

ಮಿಕ್ಸಿಯೂ ನಿಂತಿತು. ಉಡುಪಿಯ ಅತ್ತೆ ಮುಖವನ್ನು ಕ್ಯಾಮೆರಾದ ಹತ್ತಿರ ತಂದು, "ಎಂತ? ಎಂತ ಹೇಳಿದ್ರು ಇವರು?" ಎಂದರು. ಯಾರೋ "ಅವರನ್ನು ಮ್ಯೂಟ್ ಮಾಡಿ" ಎಂದರು. ಸರ್ ಅವರನ್ನೋ ಅತ್ತೆಯನ್ನೋ ಎಂದು ತಿಳಿಯಲಿಲ್ಲ. ಪಾಸ್ಟರ್ ಬೇಗ ಬೇಗ ಆಶೀರ್ವಾದ ಹೇಳಿ ಮುಗಿಸಿದರು.

"ಎರಡು ಹೇಳಿ ನಿಲ್ಲಿಸ್ಬಹುದಿತ್ತಲ್ಲ ಸರ್?" ಎಂದೆ ಆಮೇಲೆ.

"ನಾನು ಮೂರನೆಯದನ್ನು ನುಂಗಿದ್ರೆ ನಾಳೆ ಬೇರೆ ಯಾರೋ ಅವಳಿಗೆ ಹೇಳ್ತಾರೆ. ಅಡಗಿಸಿಟ್ಟದ್ದು ಅಂತ ಆಗ ಅದೇ ನಿಜ ಅನ್ನಿಸ್ತದೆ" ಎಂದರು. ಕೋಟು ಬಿಚ್ಚುತ್ತ, "ಆದ್ರೂ ಅವಳ ಅತ್ತೆಯ ಮೂಗು ಅಷ್ಟು ಹತ್ತಿರ ಬರ್ತದೆ ಅಂತ ಗೊತ್ತಿರ್ಲಿಲ್ಲ" ಎಂದು ಸೇರಿಸಿದರು.

ಕ್ರಿಸ್ಮಸ್ ಕಳೆದ ಮೇಲೆ ಐರ್ಲೆಂಡಿನಲ್ಲಿ ಸೋಂಕು ಏರಿದ ರೀತಿ ಇಲ್ಲಿದ್ದವರಿಗೆ ನೆನಪಿರುತ್ತದೆ. ಶಾಲಿನಿ ಅಕ್ಕನಿಗೆ ಪಾಸಿಟಿವ್ ಬಂತು, ಸಂಜೀವಣ್ಣನಿಗೂ ಬಂತು. ಅಕ್ಕನಿಗೆ ತಲೆನೋವಿಗಿಂತ ಹೆಚ್ಚೇನೂ ಆಗಲಿಲ್ಲ. ಸಂಜೀವಣ್ಣನನ್ನು ಆಂಬುಲೆನ್ಸಿನಲ್ಲಿ ಕರೆದೊಯ್ದರು. ಕೆಲವೇ ದಿನಗಳಲ್ಲಿ ಐಸಿಯುಗೆ ಹಾಕಿ ವೆಂಟಿಲೇಟರ್ ಇಟ್ಟರು. ಅಕ್ಕ ಮನೆಯೊಳಗೇ ಪ್ರತ್ಯೇಕವಾಗಿ ಇರಬೇಕಿತ್ತು. ದಿನಕ್ಕೊಮ್ಮೆ ಐಸಿಯುನಿಂದ ಬರುವ ಫೋನಿಗೆ ಕಾಯುವುದಷ್ಟೇ ಉಳಿದಿತ್ತು. ಆ ಕರೆಯ ಮೊದಲೂ ಆಮೇಲೂ ಅತ್ತೆಯ ಕರೆ. ಸಂಕಟದ ಮನೆ ಅಂತ ಎಲ್ಲರೆದುರು ಹೇಳಿದ್ದಾಯಿತು, ಈಗ ಸಂಕಟ ಬಂತು, ಮೊದಲು ಆ ಬೋರ್ಡು ತೆಗಿ ಎಂದು.

ನಾವು ಗೇಟಿನ ಬಳಿ ಸಾರು, ಗಂಜಿ ಇಟ್ಟು ಬರುತ್ತಿದ್ದೆವು. ಒಂದು ಮಧ್ಯಾಹ್ನ ಶಾಲಿನಿ ಅಕ್ಕನೇ ಸರ್‌ಗೆ ಫೋನ್ ಮಾಡಿದರು.

"ಸರ್, ಒಮ್ಮೆ ಬರ್ತೀರಾ? ದೂರದಿಂದ್ಲೇ. ಬೋರ್ಡು ತೆಗೀಬೇಕು. ನನ್ನ ಕೈಯಿಂದ ಆಗುದಿಲ್ಲ."

ಸರ್ ಕೂಡಲೇ ಎದ್ದರು. ಸ್ಕ್ರೂಡ್ರೈವರನ್ನು ಕೋಟಿನ ಜೇಬಿಗೆ ಹಾಕಿಕೊಂಡರು. ಕಲ್ಲು ಹಿಡಿದುಕೊಳ್ಳಲು ಇನ್ನೊಬ್ಬರು ಬೇಕಿದ್ದುದರಿಂದ ನಾನೂ ಹೊರಟೆ. ಕಾಲುವೆಯ ದಂಡೆಯಲ್ಲಿ ಯಾರೂ ಇರಲಿಲ್ಲ.

ಶಾಲಿನಿ ಅಕ್ಕ ಬಾಗಿಲು ತೆರೆದು ಹೊಸ್ತಿಲ ಒಳಗೇ ನಿಂತರು. ಮಾಸ್ಕಿನ ಮೇಲೆ ಕಣ್ಣು ಮಾತ್ರ ಕಾಣುತ್ತಿತ್ತು. ನಾವು ಗೇಟಿನ ಹೊರಗೆ.

"ಸರ್, ಮೊದಲು ಒಂದು ಮಾತು ಹೇಳಿ. ಮೂರನೆಯ ಅರ್ಥ ತಪ್ಪು ಅಂತ ಹೇಳಿ. ಅತ್ತೆಗೆ ಈಗಲೇ ಫೋನ್ ಹಾಕ್ತೇನೆ. ನೀವೇ ಹೇಳಿಬಿಡಿ."

ಈ ಒಮ್ಮೆ ಹೇಳಿಬಿಡಬಾರದೇ ಎಂದು ನನಗೂ ಅನ್ನಿಸಿತು. ಸಾವಿರಾರು ವರ್ಷ ಹಳೆಯ ಒಂದು ಹಳ್ಳಿಯ ಹೆಸರು. ಅಂಜೂರ ಎಂದರೆ ಯಾರಿಗೆ ನಷ್ಟ?

"ತಪ್ಪು ಅಂತ ನನಗೆ ಗೊತ್ತಿಲ್ಲ ಶಾಲಿನಿ" ಎಂದರು ಸರ್. "ಸರಿ ಅಂತಲೂ ಗೊತ್ತಿಲ್ಲ. ಆದ್ರೆ ಹೆಸರು ಯಾರನ್ನೂ ಆಸ್ಪತ್ರೆಗೆ ಹಾಕುದಿಲ್ಲ. ಅದು ಗೊತ್ತುಂಟು. ಇದು ಬೋರ್ಡಿಂದ ಬಂದದ್ದಲ್ಲ."

ಇಷ್ಟು ಕೇಳಿದರೆ ಅವರಿಗೆ ಹಗುರಾಗುತ್ತದೆ ಎಂದುಕೊಂಡೆ. ಶಾಲಿನಿ ಅಕ್ಕ ಹೊಸ್ತಿಲ ಮೇಲೆ ಕುಳಿತುಬಿಟ್ಟರು.

"ಹಾಗಾದ್ರೆ ನಾನೇ ತಂದದ್ದು" ಎಂದರು.

ಸರ್ ಗೇಟಿಗೆ ಇನ್ನಷ್ಟು ಹತ್ತಿರ ಬಂದರು.

"ವಾರ್ಡಿಂದ ನಾನೇ ತಂದದ್ದಲ್ವಾ ಸರ್? ಬೋರ್ಡು ಅಲ್ಲ ಅಂದ್ರೆ ಮತ್ತೆ ಯಾರು? ಪಿಪಿಇ ಹಾಕಿದ್ದೆ, ಮನೆಗೆ ಬಂದು ಸ್ನಾನ ಮಾಡಿಯೇ ಒಳಗೆ ಹೋಗ್ತಿದ್ದೆ. ಆದ್ರೂ ತಂದೆ. ನನಗೆ ಎಂತ ಆಗ್ಲಿಲ್ಲ. ಅವರು ಅಲ್ಲಿ ಪೈಪು ಹಾಕಿಸ್ಕೊಂಡು ಬಿದ್ದಿದ್ದಾರೆ. ಅತ್ತೆ ಬೋರ್ಡಿಗೆ ಬಯ್ಯುವಾಗ ನನಗೆ ಸ್ವಲ್ಪ ಉಸಿರಾಡ್ಲಿಕ್ಕೆ ಆಗ್ತದೆ ಸರ್. ನನ್ನನ್ನು ಬಯ್ಯುದಿಲ್ವಲ್ಲ ಅಂತ."

ಬೋರ್ಡಿನ ಬಗ್ಗೆ ಅವರಿಗಿದ್ದದ್ದು ಭಯವೆಂದು ನಾನು ತಿಳಿದಿದ್ದೆ. ಭಯವಲ್ಲ, ಆಸರೆ. ಅದನ್ನೇ ಸರ್ ಒಂದು ಮಾತಿನಲ್ಲಿ ಕಿತ್ತುಬಿಟ್ಟಿದ್ದರು. ಸರ್ ಅವರ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ.

ಸರ್, ತರಗತಿಯಲ್ಲಿ ಕೇಳುವ ಹಾಗೆ, "ಆ ವಾರ ಸಂಜೀವ ಎಲ್ಲೆಲ್ಲ ಹೋಗಿದ್ದ?" ಎಂದರು.

"ಎಂತ ಸರ್?"

"ಹುಷಾರಿಲ್ಲದೆ ಆಗುವ ಮೊದಲು. ಎಲ್ಲೆಲ್ಲ ಹೋಗಿದ್ದ?"

"ಕೆಲಸಕ್ಕೆ. ಅವರದ್ದು ವರ್ಕ್ ಫ್ರಮ್ ಹೋಮ್ ಇಲ್ವಲ್ಲ."

"ಗೋದಾಮಿನಲ್ಲಿ ಯಾರಿಗಾದ್ರೂ ಬಂದಿತ್ತಾ?"

"ಮೂರು ನಾಲ್ಕು ಜನರಿಗೆ ಬಂದಿತ್ತು."

"ಹೇಗೆ ಹೋಗ್ತಿದ್ದ?"

"ಫ್ರೆಂಡಿನ ಕಾರಲ್ಲಿ. ಅವನಿಗೂ ಆಮೇಲೆ ಪಾಸಿಟಿವ್ ಆಯ್ತು."

"ಅಂಗಡಿಗೆ?"

"ಅವರೇ ಹೋಗುದು. ಕ್ರಿಸ್ಮಸ್ಸಿಗೆ ಒಂದು ಗಂಟೆ ಕ್ಯೂ ನಿಂತಿದ್ರು." ಶಾಲಿನಿ ಅಕ್ಕ ಮೂಗು ಒರೆಸಿಕೊಂಡರು. "ಯಾಕೆ ಸರ್ ಇದೆಲ್ಲ?"

"ಗೋದಾಮು, ಕಾರು, ಅಂಗಡಿ, ನೀನು. ಯಾವುದರಿಂದಲೂ ಬಂದಿರ್ಬಹುದು. ಅವನೇ ನಿನಗೆ ಕೊಟ್ಟಿರ್ಲಿಕ್ಕೂ ಸಾಕು. ಒಂದಕ್ಕೂ ಆಧಾರ ಇಲ್ಲ."

"ನೀವು ಸಮಾಧಾನಕ್ಕೆ ಹೇಳುದು."

"ಸಮಾಧಾನಕ್ಕೆ ಹೇಳುವ ಅಭ್ಯಾಸ ನನಗಿದ್ದಿದ್ರೆ ಅವತ್ತೇ ಅಂಜೂರ ಅಂತ ಹೇಳಿ ಮುಗಿಸ್ತಿರ್ಲಿಲ್ವಾ?" ಎಂದರು ಸರ್. ದನಿ ಸ್ವಲ್ಪ ಗಡುಸಾಗಿಯೇ ಇತ್ತು. "ಆಧಾರ ಇಲ್ಲದೆ ಒಂದು ಊರಿನ ಹೆಸರಿಗೇ ನಾನು ತೀರ್ಪು ಕೊಡುದಿಲ್ಲ. ನಿನಗೆ ಹೇಗೆ ಕೊಡ್ಲಿ? ನೀನಾದ್ರೂ ಹೇಗೆ ಕೊಡ್ತೀ?"

ಶಾಲಿನಿ ಅಕ್ಕ ಅತ್ತರು. ಬೇರೆ ಕಾಲವಾಗಿದ್ದರೆ ಯಾರಾದರೂ ಹೋಗಿ ಹೆಗಲು ಹಿಡಿಯುತ್ತಿದ್ದರು. ನಾವು ಗೇಟಿನ ಹೊರಗೇ ನಿಂತಿದ್ದೆವು. ಸರ್ ಎರಡೂ ಕೈಗಳಿಂದ ಗೇಟಿನ ಕಂಬಿಯನ್ನು ಹಿಡಿದುಕೊಂಡಿದ್ದರು. ಅಳು ನಿಂತ ಮೇಲೆ, "ಬೋರ್ಡು ತೆಗೆಯುದಾ ಬೇಡ್ವಾ?" ಎಂದು ಕೇಳಿದರು.

"ತೆಗೀರಿ ಸರ್. ಅದು ಎಂತ ಮಾಡದಿದ್ರೂ ದಿನಾ ಕಣ್ಣಿಗೆ ಬೀಳ್ತದೆ."

ಅವರು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಸರ್ ಸ್ಕ್ರೂಗಳನ್ನು ಬಿಚ್ಚಿದರು. ನಾನು ಕಲ್ಲನ್ನು ಹಿಡಿದುಕೊಂಡೆ. ಕೊನೆಯದು ಬಿಗಿಯಾಗಿತ್ತು. ಅದಕ್ಕೂ ತುಳುವಿನಲ್ಲಿ ಒಂದು ಬೈಗುಳ ಬಿತ್ತು, ಆದರೆ ಮೆಲ್ಲಗೆ.

ಮರಳುವಾಗ ನನಗೆ ತಡೆಯಲಾಗಲಿಲ್ಲ. ಆ ಊರಿನ ಕತೆಯನ್ನು ಅವರೇ ನನಗೆ ಹಿಂದೊಮ್ಮೆ ಹೇಳಿದ್ದರು: ಬೇಥಾನ್ಯದ ಲಾಜರನೆಂಬವನು ಸತ್ತು ಸಮಾಧಿಯಾದ ಮೇಲೆ ಯೇಸು ಬಂದು ಅವನನ್ನು ಎಬ್ಬಿಸಿದ್ದು, ಇವತ್ತು ಅಲ್ಲಿ ವಾಸಿಸುವ ಜನ ಊರನ್ನು ಹಳೆಯ ಹೆಸರಿನಿಂದ ಕರೆಯದೆ ಆ ಎದ್ದು ಬಂದವನ ಹೆಸರಿನಿಂದಲೇ ಕರೆಯುವುದು.

"ಅದನ್ನ ಯಾಕ್ ಸರ್ ಹೇಳ್ಲಿಲ್ಲ? ಅದು ಊಹೆ ಅಲ್ವಲ್ಲ, ಈಗ್ಲೂ ಹಾಗೇ ಕರೀತಾರೆ ಅಂದಿದ್ರಿ. ಎಷ್ಟು ಧೈರ್ಯ ಬರ್ತಿತ್ತು ಅವ್ರಿಗೆ."

ಸರ್ ನಿಂತರು. "ಗಂಡ ಐಸಿಯುನಲ್ಲಿ ಇರುವವಳಿಗೆ ಆ ಕತೆ ಹೇಳ್ಲಿಕ್ಕಿಲ್ಲ ಮಾರಾಯ್ತಿ. ಎದ್ದು ಬರುವ ಮೊದಲು ಅವನು ಸಾಯ್ತಾನೆ."

ಮರುದಿನ ಬೆಳಿಗ್ಗೆ ಡ್ರಿಲ್ಲಿಂಗಿನ ಸದ್ದಿಗೆ ನನ್ನ ಮೀಟಿಂಗ್ ನಡುವೆಯೇ ಕೆಳಗಿಳಿದು ಬಂದೆ. ಸರ್ ಆ ಸ್ಲೇಟು ಕಲ್ಲನ್ನು ನಮ್ಮ ಬಾಗಿಲ ಪಕ್ಕ ಹಾಕುತ್ತಿದ್ದರು.

"ಹೆಸರಿಗೆ ಎಂತಾದ್ರೂ ಮಾಡುವ ಶಕ್ತಿ ಇದ್ರೆ ಇಲ್ಲಿ ಮಾಡ್ಲಿ" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ನೀನೂ ಇರುದು ಇಲ್ಲೇ ಅಲ್ವಾ, ಕೇಳ್ಬೇಕಿತ್ತು. ಹೆದರಿಕೆ ಉಂಟಾ?" ಎಂದರು.

"ಇಲ್ಲ ಸರ್" ಎಂದೆ. ಸ್ವಲ್ಪ ಇತ್ತು. ಮೈಸೂರಿಗೆ ಫೋನ್ ಮಾಡಿದಾಗ ಅಮ್ಮನಿಗೆ ಈ ವಿಷಯ ಹೇಳಲಿಲ್ಲ.

ಸರ್ ಬೋರ್ಡಿನ ಪಕ್ಕ ತಾವೇ ನಿಂತು, ನನ್ನಿಂದ ಫೋಟೋ ತೆಗೆಸಿ, ಶಾಲಿನಿ ಅಕ್ಕನಿಗೆ ಕಳಿಸಿದರು. ಅವರ ಅತ್ತೆಗೂ ಕಳಿಸಲು ಹೇಳಿದರು. ಪ್ರತಿ ವಾರವೂ ಒಂದು ಹೊಸ ಫೋಟೋ ಹೋಗುತ್ತಿತ್ತು. ಬೋರ್ಡು, ಪಕ್ಕದಲ್ಲಿ ಗಟ್ಟಿಮುಟ್ಟಾಗಿ ಸರ್. ಆ ಬೋರ್ಡು ಹಾಕಿಕೊಂಡೂ ತಾವು ಬದುಕಿರುವುದನ್ನು ಉಡುಪಿಯಲ್ಲಿ ಖಾತ್ರಿ ಮಾಡಿಕೊಳ್ಳಲಿ ಎಂದು. ಕಾಗದ ತರುವ ಪೋಸ್ಟ್‌ಮ್ಯಾನ್ ಮನೆಯ ಹೆಸರು ಬದಲಾಯಿತೇ ಎಂದು ವಿಚಾರಿಸಿದ. ಸರ್, ಇದು ನಮ್ಮದಲ್ಲ, ಸ್ವಲ್ಪ ದಿನ ಇಲ್ಲಿ ಉಳಿಯಲು ಬಂದಿದೆ ಎಂದರು. ಅವನಿಗೆ ಏನು ಅರ್ಥವಾಯಿತೋ, ಇಲ್ಲಿಯವರು ಎಲ್ಲದಕ್ಕೂ 'ಸರಿ' ಎನ್ನುವ ಹಾಗೆ "ಗ್ರ್ಯಾಂಡ್" ಎಂದು ಹೋದ.

ಆ ವಾರಗಳಲ್ಲಿ ಐಸಿಯುನ ಕರೆ ಬಂದ ಮೇಲೆ ಶಾಲಿನಿ ಅಕ್ಕ ಸರ್‌ಗೆ ಫೋನ್ ಮಾಡುತ್ತಿದ್ದರು. ಆಮ್ಲಜನಕದ ಅಂಕಿ, ಔಷಧಿಯ ಹೆಸರು ಎಲ್ಲ ಹೇಳುತ್ತಿದ್ದರು. ಸರ್ ತಮಗೆ ಅರ್ಥವಾಗದ್ದನ್ನು ಅರ್ಥವಾಗಲಿಲ್ಲ ಎಂದೇ ಹೇಳುತ್ತಿದ್ದರು. "ಬದುಕ್ತಾರಾ ಸರ್?" ಎಂಬ ಪ್ರಶ್ನೆಯೂ ಬರುತ್ತಿತ್ತು. "ಗೊತ್ತಿಲ್ಲ. ನಾಳೆ ಇದೇ ಹೊತ್ತಿಗೆ ಫೋನ್ ಮಾಡು" ಎನ್ನುತ್ತಿದ್ದರು. ಬದುಕುತ್ತಾರೆ ಎಂದು ಹೇಳಿದವರು ಆಗ ಬೇಕಾದಷ್ಟು ಜನರಿದ್ದರು. ಶಾಲಿನಿ ಅಕ್ಕ ದಿನಾ ಫೋನ್ ಮಾಡುತ್ತಿದ್ದುದು ಸರ್‌ಗೆ.

ಸಂಜೀವಣ್ಣ ಬದುಕಿದರು. ವೆಂಟಿಲೇಟರ್ ತೆಗೆದರು, ವಾರ್ಡಿಗೆ ಬಂದರು, ನಡೆಯುವುದನ್ನು ಮತ್ತೆ ಕಲಿತರು. ಈಸ್ಟರ್ ಹೊತ್ತಿಗೆ ಮನೆಗೆ ಬಂದಾಗ ಅಂಗಿ ಮೊಳೆಗೆ ತೂಗುಹಾಕಿದ ಹಾಗೆ ಮೈಮೇಲೆ ತೂಗುತ್ತಿತ್ತು. ಆ ವಾರವೇ ಶಾಲಿನಿ ಅಕ್ಕ ಬಂದು ನಮ್ಮ ಗೇಟಿನಲ್ಲಿ ನಿಂತು ಬೋರ್ಡು ಕೇಳಿದರು. ಸರ್ ಮರುಮಾತಿಲ್ಲದೆ ಬಿಚ್ಚಿಕೊಟ್ಟರು.

ಅತ್ತೆಯ ಅಪೇಕ್ಷೆಯಂತೆ ಜೂಮ್‌ನಲ್ಲಿ ಕೃತಜ್ಞತಾ ಪ್ರಾರ್ಥನೆ ಇಟ್ಟರು. ಅದೇ ಚೌಕಗಳು, ಅದೇ ಫ್ಯಾನು. ಸರ್ ಮತ್ತೆ ಕೋಟು ಹಾಕಿಕೊಂಡು ಕುಳಿತರು, ಆದರೆ ಈ ಸಲ ಅವರನ್ನು ಯಾರೂ ಮಾತಿಗೆ ಕರೆಯಲಿಲ್ಲ. ಪ್ರಾರ್ಥನೆ ಮುಗಿದಾಗ ಅತ್ತೆ ಕ್ಯಾಮೆರಾದ ಹತ್ತಿರ ಬಂದರು.

"ಅದೇ ಬೋರ್ಡು ಪುನಃ ಹಾಕಿದ್ಯಂತೆ ಶಾಲಿನಿ? ಈಗಲಾದ್ರೂ ಅರ್ಥ ಎಂತ ಅಂತ ಸರಿಯಾಗಿ ಹೇಳು."

ನಾನು ಸರ್ ಕಡೆ ನೋಡಿದೆ. ಅವರು ಮ್ಯೂಟ್‌ನಲ್ಲಿದ್ದರು.

"ಮೂರು ಅರ್ಥ ಉಂಟು ಅತ್ತೆ" ಎಂದರು ಶಾಲಿನಿ ಅಕ್ಕ. ಒಂದೊಂದಾಗಿ ಮೂರನ್ನೂ ಹೇಳಿದರು. ಸಂಕಟದ ಮನೆ ಎಂಬುದನ್ನೂ ಬಿಡಲಿಲ್ಲ, ದನಿ ತಗ್ಗಿಸಲೂ ಇಲ್ಲ. "ಯಾವುದು ಅಂತ ಯಾರಿಗೂ ಗೊತ್ತಿಲ್ಲ. ಕೊರೋನಾ ಯಾರು ತಂದದ್ದು ಅಂತಲೂ ಗೊತ್ತಿಲ್ಲ. ನಾನೇ ಇರ್ಬಹುದು, ಅಲ್ಲದೆಯೂ ಇರ್ಬಹುದು. ನಮಗೆ ಹಾಗೇ ಇರ್ಲಿಕ್ಕೆ ಆಗ್ತದೆ ಅತ್ತೆ."

ಆಗ ಸರ್ ಮ್ಯೂಟ್ ತೆಗೆದರು. ಬೇಡ ಎಂದು ನಾನು ಕಣ್ಣಿನಲ್ಲೇ ಹೇಳಿದ್ದು ಅವರಿಗೆ ಕಾಣಲಿಲ್ಲ.

"ನಾಲ್ಕನೆಯದು ಒಂದುಂಟು. ಹಳೇ ಕಾಲದ ಕೆಲವು ಪಂಡಿತರು 'ವಿಧೇಯತೆಯ ಮನೆ' ಅಂತಲೂ ಬರೆದಿದ್ದಾರೆ. ಅದಕ್ಕೆ ಆಧಾರ ಬಹಳ ಕಮ್ಮಿ."

"ಅದೇ ಸರಿ ಅರ್ಥ!" ಎಂದರು ಅತ್ತೆ. "ಮೊದಲೇ ಹೇಳ್ಲಿಕ್ಕೆ ಎಂತ ಆಗಿತ್ತು ಇವರಿಗೆ? ಸೊಸೆ ಹೇಳಿದ ಮಾತು ಕೇಳುವ ಮನೆ ಅಂತ ಅಲ್ಲೇ ಬರೆಸು!"

ಸಂಜೀವಣ್ಣ ನಕ್ಕರು. ನಗು ಕೆಮ್ಮಾಗಿ ತಿರುಗಿತು, ಬಿಡದ ಕೆಮ್ಮು. ಎಲ್ಲ ಚೌಕಗಳಲ್ಲಿ ಎಲ್ಲರೂ ಹಾಗೇ ನಿಂತುಬಿಟ್ಟರು. ಶಾಲಿನಿ ಅಕ್ಕನ ಕೈ ಅವರ ಬೆನ್ನಿನ ಮೇಲಿತ್ತು. ನನ್ನ ಪಕ್ಕದಲ್ಲಿ ಸರ್ ಕುರ್ಚಿಯಿಂದ ಅರ್ಧ ಎದ್ದಿದ್ದರು, ಎದ್ದು ಎಲ್ಲಿಗೆ ಹೋಗಬೇಕೆಂದು ತಿಳಿಯದವರಂತೆ. ಕೆಮ್ಮು ನಿಂತಿತು. ಸಂಜೀವಣ್ಣ ಕಣ್ಣು ಒರೆಸಿಕೊಂಡು, ಉಸಿರು ತೆಗೆದುಕೊಂಡು, "ಅಮ್ಮಾ, ಇನ್ನೊಂದ್ಸಲ ಹೇಳು, ಯಾರ ಮಾತು ಕೇಳುವ ಮನೆ? ಸೊಸೆಯದ್ದಾ?" ಎಂದು ಮತ್ತೆ ನಗತೊಡಗಿದರು.